ಬಾಳೆಬರೆ ಇಳಿಯುವಾಗ

ಜುಲೈ 8, ಮಂಗಳವಾರ

ಮಳೆಯೆಂದು ಶಾಲೆಗೆ ರಜೆ. ಬೆಳಿಗ್ಗೆಯೇ ಮೆಸೇಜ್ ಬಂತು. ರಜೆ ಇಲ್ಲದಿದ್ದರೆ ಒಳ್ಳೆಯದಿತ್ತು. ಮಳೆಗಾಲದಲ್ಲಿ ನನ್ನಂಥ ಪಿ.ಟಿ. ಟೀಚರಿಗೆ ಕೆಲಸ ಕಡಿಮೆ, ಆದರೂ ಅಲ್ಲಿ ಮಕ್ಕಳ ಗಲಾಟೆ ಇರುತ್ತದೆ. ನಮ್ಮ ಮನೆಯಲ್ಲಿ ಈಗ ಯಾರೂ ಜೋರಾಗಿ ಮಾತಾಡುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾವ ಮಾತು ತೆಗೆದರು. ನನ್ನ ಗಂಡ ನಿತೇಶ್ ಹೋಗಿದ್ದ ಬೋಟು ಮಗುಚಿ ಮುಂದಿನ ತಿಂಗಳಿಗೆ ವರ್ಷವಾಗುತ್ತದೆ. ಬೋಟಿನಲ್ಲಿದ್ದವರಲ್ಲಿ ಕೆಲವರು ಈಜಿ ದಡ ಸೇರಿದರು, ಇಬ್ಬರ ದೇಹ ಸಿಕ್ಕಿತು. ನಿತೇಶ್ ಸಿಗಲಿಲ್ಲ. ಹಾಗೆ ಸಿಗದವರಿಗೂ ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡುವ ಕ್ರಮ ಇದೆಯಂತೆ. ಹುಲ್ಲಿನ ಬೊಂಬೆ ಮಾಡಿ ಸುಡುವುದು, ಮುಂದಿನದೆಲ್ಲ ಮಾಮೂಲಿನಂತೆ. ಮಾವ ಭಟ್ಟರನ್ನು ಕೇಳಿಕೊಂಡು ಬಂದಿದ್ದಾರೆ.

"ನೀ ಹೂಂ ಅಂದ್ರೆ ಮಾಡುವ ಮಗಾ. ನೀ ಹೇಳ್ದೆ ನಾವ್ ಎಂತದೂ ಮಾಡುದಿಲ್ಲೆ," ಎಂದರು.

ಅತ್ತೆ ಎದ್ದು ಅಡುಗೆಮನೆಗೆ ಹೋದರು. ನಿತೇಶನ ಅಕ್ಕ ಸರಸ ಅತ್ತಿಗೆ ತಟ್ಟೆ ನೋಡುತ್ತ ಕುಳಿತರು. ನಾನು ಹೂಂ ಅನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಎಲ್ಲರ ತಟ್ಟೆ ಎತ್ತಿ ತೊಳೆದೆ.

ಜುಲೈ 10

ಹಿಂದಿನ ಜಗಲಿಯಲ್ಲಿದ್ದ ಎರಡು ಸೈಕಲ್‌ಗಳ ಮೇಲಿಂದ ಟಾರ್ಪಾಲು ತೆಗೆದೆ. ಸೋಮವಾರದಿಂದ ರಜೆ ಕೇಳಿದ್ದೇನೆ. ಹೆಡ್‌ಮಾಸ್ಟರು ಯಾಕೆಂದು ಕೇಳಲಿಲ್ಲ. ಈ ವರ್ಷ ನನ್ನನ್ನು ಯಾರೂ ಏನೂ ಕೇಳುವುದಿಲ್ಲ.

ಜೂನ್, ಜುಲೈಯಲ್ಲಿ ಕಡಲಿಗೆ ಬೋಟು ಇಳಿಸುವಂತಿಲ್ಲ. ನಿತೇಶನಿಗೆ ಬಿಡುವಿದ್ದದ್ದು ಆಗ ಮಾತ್ರ. ಹಾಗಾಗಿ ನಾವಿಬ್ಬರೂ ಸೈಕಲ್ಲಿನಲ್ಲಿ ಘಟ್ಟ ಹತ್ತುತ್ತಿದ್ದದ್ದು ಯಾವಾಗಲೂ ಮಳೆಯಲ್ಲೇ. ಒಂದು ವರ್ಷ ಆಗುಂಬೆ, ಒಂದು ವರ್ಷ ಶೃಂಗೇರಿಯ ತನಕ. ಕೊಲ್ಲೂರಿನಲ್ಲಿ ಹತ್ತಿ, ನಗರ ಎಂಬ ಊರಿನ ಮೇಲೆ ಹಾದು, ಬಾಳೆಬರೆ ಘಾಟಿಯಲ್ಲಿ ಇಳಿಯುವುದು ಬಾಕಿ ಇತ್ತು. ಬಾಕಿ ಇತ್ತೆಂದು ಹೋಗುತ್ತಿಲ್ಲ. ಬೇರೆ ದಾರಿ ಯೋಚಿಸಲು ಮನಸ್ಸಾಗಲಿಲ್ಲ, ಅಷ್ಟೇ.

ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಅತ್ತಿಗೆ ಬಂದು ನಿಂತರು.

"ಎಲ್ಲಿಗ್?"

"ಕೊಲ್ಲೂರಿಗೆ. ಅಲ್ಲಿಂದ ಘಟ್ಟದ ಮೇಲೆ."

"ಒಬ್ಳೇಯಾ?"

"ಹ್ಞೂಂ."

"ನಾನೂ ಬತ್ತೆ."

"ಅತ್ತಿಗೆ, ಅದ್ ಘಾಟಿ. ಮಳೆ ಬೇರೆ."

"ಸೈಕಲ್ಲಿಗ್ ಮೀನಿನ್ ಬುಟ್ಟಿ ಕಟ್ಕಂಡ್ ಸಾಸ್ತಾನ, ಕೋಟ, ಸಾಲಿಗ್ರಾಮ ದಿನಾ ತಿರ್ಗಿದವ್ಳ್ ನಾನ್. ನಿನ್ ಘಾಟಿ ನಂಗೆಂತ ಮಾಡತ್ತ್?"

ಅವರ ಗಂಡ ಮುಂಬೈಯ ಹೋಟೆಲೊಂದರಲ್ಲಿದ್ದಾರೆ. ಈಗ ಹಸಿ ಮೀನಿಲ್ಲ, ಅತ್ತಿಗೆಗೆ ಒಣಮೀನಿನ ವ್ಯಾಪಾರ ಮಾತ್ರ. ನಾನು ಬೇಡವೆನ್ನಲಿಲ್ಲ. ನಿತೇಶನ ಸೈಕಲ್ಲಿನ ಸೀಟು ಅವರಿಗೆ ಎತ್ತರ. ಬೋಲ್ಟು ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಸ್ವಲ್ಪ ಹೊತ್ತು ಬಿಟ್ಟೆ. ಆಮೇಲೆ ತಗ್ಗಿತು.

ಜುಲೈ 13, ಭಾನುವಾರ. ಕೊಲ್ಲೂರು

ಹಂಗಾರಕಟ್ಟೆಯಿಂದ ಬೆಳಕು ಹರಿಯುವಾಗ ಹೊರಟೆವು. ಹೈವೇಯಲ್ಲಿ ಗಾಳಿ ಎದುರಿನಿಂದ. ಕೋಟ ದಾಟುವ ತನಕ ಅತ್ತಿಗೆಯ ಗುರುತಿನವರೇ.

"ಹ್ವಾಯ್ ಸರಸಕ್ಕ, ಎಲ್ಲಿಗ್ ಸವಾರಿ?"

"ಕೊಲ್ಲೂರಮ್ಮನ್ ಕಾಂಬುಕೆ!"

ಒಬ್ಬಾಕೆ ಗೇಟಿನ ತನಕ ಓಡಿ ಬಂದು, ನಾಡಿದ್ದು ಒಣ ಸೀಗಡಿ ತರಬೇಕು ಎಂದು ಕೂಗಿ ಹೇಳಿದಳು. ಅತ್ತಿಗೆ ಸೈಕಲ್ ನಿಲ್ಲಿಸದೆಯೇ ಹೂಂಗುಟ್ಟಿದರು. ಅವರು ಕೆಂಪು ರೈನ್‌ಕೋಟು ಹಾಕಿ, ಮೇಲಿಂದ ತಲೆಗೊಂದು ಪ್ಲಾಸ್ಟಿಕ್ ತೊಟ್ಟೆ ಕಟ್ಟಿಕೊಂಡಿದ್ದಾರೆ. ಹೆಲ್ಮೆಟ್ ಅದರ ಮೇಲೆ.

ಹೆಮ್ಮಾಡಿಯಲ್ಲಿ ಒಳಗೆ ತಿರುಗಿದ ಮೇಲೆ ಗಾಳಿ ಕಡಿಮೆ, ಮಳೆ ಜಾಸ್ತಿ. ವಂಡ್ಸೆಯಲ್ಲಿ ಚಹಾ ಕುಡಿದೆವು. ಹೋಟೆಲಿನವರು ನಮ್ಮಿಂದ ಇಳಿಯುವ ನೀರು ನೋಡಿ, "ಬಸ್ಸಿಲ್ಯಾ ನಿಮ್ಗೆ?" ಎಂದರು.

"ಬಸ್ಸಂಗೆ ಇಷ್ಟ್ ಮಳಿ ಸಿಕ್ಕತ್ತಾ?" ಎಂದರು ಅತ್ತಿಗೆ.

"ಒಟ್ಟಿಗ್ ಗಂಡಸ್ರ್ ಯಾರೂ ಇಲ್ಯಾ?"

"ನನ್ ಗಂಡ ಬೊಂಬಾಯಂಗ್ ಇದ್ರ್. ಇವ್ಳ್ ಗಂಡ ನನ್ ತಮ್ಮ. ಅವ್ನೂ ಅಲ್ಲೇ, ಹೋಟ್ಲಂಗ್."

ನಾನು ಚಹಾ ಕುಡಿದೆ. ಸಕ್ಕರೆ ಹೆಚ್ಚಾಗಿತ್ತು.

ಸಂಜೆ ಕೊಲ್ಲೂರು ತಲುಪಿದೆವು. ಅತ್ತಿಗೆ ದೇವಸ್ಥಾನಕ್ಕೆ ಹೋದರು. ನಾನು ಲಾಡ್ಜಿನಲ್ಲಿ ಸಾಕ್ಸ್ ಹಿಂಡಿ ಫ್ಯಾನಿನ ಕೆಳಗೆ ಹರಡಿದೆ. ಅತ್ತಿಗೆ ತಂದ ಪ್ರಸಾದ ತಿಂದೆ. ಕಾಲು ನೋಯುತ್ತಿದೆಯಾ ಎಂದು ಕೇಳಿದರು. ಗೊತ್ತಾಗುತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಾಗುತ್ತಿರಲಿಲ್ಲ.

ಜುಲೈ 14. ನಗರ

ನಾಗೋಡಿ ಘಾಟಿ ಹತ್ತಿದೆವು. ಹತ್ತಿದ್ದಕ್ಕಿಂತ ದೂಡಿದ್ದೇ ಹೆಚ್ಚು. ರಸ್ತೆಯ ಮೇಲೆ ತೋಡಿನ ಹಾಗೆ ನೀರು. ಒಂದು ತಿರುವಿನಾಚೆ ಏನೂ ಕಾಣುವುದಿಲ್ಲ, ಬಿಳಿ. ಅಂಥ ಕಡೆ ನನಗೆ ಸುಖವಾಗುತ್ತದೆ ಎಂದು ಬರೆಯಹೊರಟೆ, ಆದರೆ ಸುಖ ಅಲ್ಲ ಅದು. ನೋಡಲು ಏನೂ ಇಲ್ಲದಿರುವುದರಿಂದ ನೋಡಬೇಕಾಗಿಲ್ಲ, ಅಷ್ಟೇ.

ದಾರಿಯಲ್ಲಿ ಅತ್ತಿಗೆಯ ಕಾಲಿಗೆ ರಕ್ತ ಹೀರುವ ಉಂಬಳ ಹತ್ತಿತು. ದಿನವಿಡೀ ಮೀನು ಹೆಚ್ಚುವವರು, ಏಡಿಯನ್ನು ಬರಿಗೈಯಲ್ಲಿ ಹಿಡಿಯುವವರು, ಒಂದು ಉಂಬಳಕ್ಕೆ ರಸ್ತೆ ನಡುವೆ ಕುಣಿದುಬಿಟ್ಟರು. "ತೆಗಿ ಮಾರಾಯ್ತಿ, ತೆಗಿ, ಒಳಗ್ ಹೋತ್ ಅದ್!" ನಾನು ಕಿತ್ತು ಎಸೆದೆ.

"ನಗ್ತ್ಯಲ್ಲೆ ನೀ," ಎಂದರು.

ನಾನು ನಕ್ಕಿರಲಿಲ್ಲ. ಮಳೆ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಮುಖ ಹಾಗೆ ಕಂಡಿರಬೇಕು.

ನಿಟ್ಟೂರಿನ ಹತ್ತಿರ ಬಸ್‌ಸ್ಟ್ಯಾಂಡಿನ ಕಟ್ಟೆಯಲ್ಲಿ ಕುಳಿತು ಕಟ್ಟಿ ತಂದಿದ್ದ ಬನ್ಸ್ ತಿಂದೆವು. ನಿನ್ನೆಯ ಮಾತು ಕೇಳಿದೆ.

"ಅತ್ತಿಗೆ, ವಂಡ್ಸೆಯಂಗೆ ನಮ್ಮನೆಯವ್ರು ಬೊಂಬಾಯಿಲಿ ಇದ್ದಾರೆ ಅಂತ ಎಂತಕೆ ಹೇಳಿದ್ರಿ?"

ಅವರು ಪ್ಲಾಸ್ಟಿಕ್ ತೊಟ್ಟೆ ಬಿಚ್ಚಿ ಕೂದಲು ಹಿಂಡಿದರು.

"ಮೀನ್ ತಕಂಬ ಮನಿಯಂಗೂ ಹಾಂಗೇ ಹೇಳ್ತೆ. ಗೊತ್ತಿಲ್ದವ್ರ್ ಹತ್ರ. ಹೇಳ್ದಾಗ ಒಂದ್ ಗಳಿಗಿ ಅವ ಅಲ್ಲೇ ಇದ್ದ ಅಂತ ಆತ್ತ್. ಎಲ್ಲೋ ತಟ್ಟಿ ತೊಳೀತಾ ಇದ್ದ, ದೀಪಾವಳಿಗ್ ಬತ್ತ ಅಂತ." ತೊಟ್ಟೆಯನ್ನು ಮತ್ತೆ ತಲೆಗೆ ಕಟ್ಟಿಕೊಂಡರು. "ಅಪ್ಪಯ್ಯ ನನ್ನ ನಿನ್ ಒಟ್ಟಿಗ್ ಎಂತಕೆ ಬಿಟ್ರ್ ಗೊತ್ತಿತ್ತಾ? ನಿನ್ ಬಾಯಂಗ್ ಹೂಂ ಹೇಳ್ಸುಕೆ. ದಾರಿಯಂಗ್ ನಿಧಾನಕ್ ಕೇಣ್ ಅಂದ್ರ್."

"ನೀವು ಕೇಳಲೇ ಇಲ್ಲ."

"ಕೇಣುದಿಲ್ಲೆ. ನೀ ಹೂಂ ಅಂದ್ರೆ ನಾ ಮನಿಗ್ ಹೋಯ್ ಹೇಳ್ಕ್ ಅಲ್ದಾ? ನಂಗ್ ಬ್ಯಾಡ ಅದ್."

ಬಸ್ಸೊಂದು ಬಂದು ನಿಂತಿತು. ಕಂಡಕ್ಟರು ನಮ್ಮನ್ನೂ ಸೈಕಲ್‌ಗಳನ್ನೂ ನೋಡಿ, ಹತ್ತುತ್ತೀರಾ ಎಂದು ಕೈ ಮಾಡಿದ. ಇಬ್ಬರೂ ಒಟ್ಟಿಗೇ ಇಲ್ಲವೆಂದು ತಲೆಯಾಡಿಸಿದೆವು. ಬಸ್ಸು ಹೋಯಿತು.

ಜುಲೈ 15. ನಗರ

ಹೊರಡಲಾಗಲಿಲ್ಲ. ಗಾಳಿ. ಕರೆಂಟಿಲ್ಲ. ಅತ್ತಿಗೆ ಮಲಗಿಯೇ ಇದ್ದಾರೆ, ತೊಡೆ ಹಿಡಿದುಕೊಂಡಿದೆಯಂತೆ. ಎಣ್ಣೆ ತಿಕ್ಕಿಕೊಟ್ಟೆ. ನಿತೇಶ್ ಚಿಕ್ಕವನಿದ್ದಾಗ ಹೊಳೆ ದಾಟಿಸುವ ಬಾರ್ಜ್‌ನಿಂದ ನೀರಿಗೆ ಹಾರಿ ಪೆಟ್ಟು ತಿಂದ ಕಥೆ ಹೇಳಲು ಶುರುಮಾಡಿದರು. ನಿದ್ದೆ ಬಂದ ಹಾಗೆ ಮಾಡಿದೆ.

ಜುಲೈ 16, ಬುಧವಾರ. ಕುಂದಾಪುರ

ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಅತ್ತಿಗೆಗೆ ಒಳಗೆ ಪ್ಲಾಸ್ಟರ್ ಹಾಕುತ್ತಿದ್ದಾರೆ. ಮಾವ ಬರುತ್ತಿದ್ದಾರೆ.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಮಾಸ್ತಿಕಟ್ಟೆಯವರೆಗೆ ತೊಂದರೆಯಾಗಲಿಲ್ಲ. ಘಾಟಿ ಶುರುವಾಗುವಲ್ಲಿ ಮತ್ತೆ ಹಿಡಿಯಿತು, ಜೊತೆಗೆ ಮಂಜು. ನಿಲ್ಲಲು ಅಲ್ಲಿ ಜಾಗ ಇರಲಿಲ್ಲ. ಅತ್ತಿಗೆಗೆ ಹೇಳಿದೆ, ಬ್ರೇಕು ಒಂದೇ ಸಮ ಹಿಡಿಯಬೇಡಿ, ಹಿಡಿದು ಬಿಡಿ, ಹಿಡಿದು ಬಿಡಿ. ನಾನು ಮುಂದೆ ಹೋಗಿ ಪ್ರತಿ ತಿರುವಿನಲ್ಲಿ ನಿಲ್ಲುತ್ತೇನೆ, ನೀವು ನಿಧಾನಕ್ಕೆ ಬನ್ನಿ.

ಹಾಗೆಯೇ ಇಳಿದೆವು. ನಾನು ನಿಂತು ಕಾಯುವುದು. ಮಂಜಿನಲ್ಲಿ ಮೊದಲು ಅವರ ಬೈಗುಳ ಕೇಳಿಸುವುದು. ಆಮೇಲೆ ಕೆಂಪು ರೈನ್‌ಕೋಟು ಕಾಣುವುದು. "ನಿನ್ ಘಾಟಿಗ್ ಬೆಂಕಿ ಬೀಳ್ಲಿ" ಎನ್ನುತ್ತ ಬಂದು, ನನ್ನನ್ನು ಹಿಡಿದುಕೊಂಡು ನಿಲ್ಲುವುದು.

ಒಂದು ತಿರುವಿನಲ್ಲಿ ನಿಂತೆ. ಅವರು ಬರಲಿಲ್ಲ.

ಚೈನು ಜಾರಿರಬಹುದು ಎಂದುಕೊಂಡೆ. ಕೈ ನೋವಿಗೆ ನಿಂತಿರಬಹುದು. ಮೂತ್ರಕ್ಕೆ ಕುಳಿತಿರಬಹುದು. ಯೋಚಿಸುತ್ತಿದ್ದ ಹಾಗೆ ನನಗೆ ಇದರ ಗುರುತು ಸಿಕ್ಕಿತು. ಕಳೆದ ವರ್ಷವೂ ನಾನು ಇದನ್ನೇ ಮಾಡಿದ್ದೆ. ಡೀಸೆಲ್ ಮುಗಿದಿರಬಹುದು. ಬೇರೆ ಬಂದರಿಗೆ ಹೋಗಿರಬಹುದು. ಫೋನಿಗೆ ನೀರು ಹೋಗಿರಬಹುದು.

ಫೋನ್ ತೆಗೆದೆ. ಸಿಗ್ನಲ್ ಇಲ್ಲ. ಅತ್ತಿಗೇ ಎಂದು ಕರೆದೆ. ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ.

ಮೇಲಿನಿಂದ ಒಂದು ಓಮ್ನಿ ಇಳಿದು ಬಂತು. ಅಡ್ಡ ನಿಂತು ಕೈ ಚಾಚಿದೆ. ಡ್ರೈವರು ಗಾಜು ಇಳಿಸಿದರು.

"ಮೇಲೆ ಸೈಕಲ್ ಹಿಡ್ಕೊಂಡು ಒಬ್ರು ಹೆಂಗಸು, ಕೆಂಪು ರೈನ್‌ಕೋಟ್."

"ಯಾರೂ ಕಾಣ್ಲಿಲ್ಯಲ್ಲ."

"ಸರಿ ನೋಡಿದ್ರಾ?"

"ಹೆಡ್‌ಲೈಟ್ ಹಾಕಂಡೇ ಬಂದದ್ದ್. ರಸ್ತೆ ಪೂರ ಖಾಲಿ."

ಖಾಲಿ ಎಂಬ ಮಾತು ಕೇಳಿದ್ದೊಂದು ನೆನಪಿದೆ. ಸೈಕಲ್ ಬಿಟ್ಟೆ, ಅದು ಬಿತ್ತು. ಮೇಲಕ್ಕೆ ಓಡಿದೆ. ಓಡುತ್ತ ಕೂಗಿದೆ. ಅತ್ತಿಗೆ ಎಂದು ಕೂಗಿದೆ, ಸರಸಕ್ಕ ಎಂದು ಕೂಗಿದೆ. ಒಂದು ಸಲ ಬೇರೆ ಹೆಸರೂ ಬಾಯಿಗೆ ಬಂತು. ಕಾಲು ಜಾರಿ ಮೊಣಕಾಲು ತರಚಿತು, ಅದು ಈಗ ಉರಿಯುತ್ತಿದೆ.

ಗುಡ್ಡದ ನೀರು ರಸ್ತೆ ದಾಟುವ ಒಂದು ಕಡೆ ಕೆಸರು ಹರಡಿತ್ತು. ಕೆಸರಿನಲ್ಲಿ ಚಕ್ರ ಜಾರಿದ ಗೆರೆ. ಗೆರೆ ರಸ್ತೆಯ ಅಂಚಿನ ಪೊದೆಗೆ ಹೋಗಿ ಮುಗಿದಿತ್ತು. ಅಲ್ಲಿ ಮಲಗಿ ಕೆಳಗೆ ನೋಡಿದೆ. ಹಸಿರಿನ ನಡುವೆ ಕೆಂಪು.

"ಇಲ್ ಇದ್ದೆ," ಎಂದರು. ಮೆಲ್ಲಗೆ, ಬೇರೆ ಯಾರಿಗೋ ಹೇಳುವ ಹಾಗೆ.

ಒಂದು ಎಳೆ ಮರಕ್ಕೆ ಎಡಗೈ ಸುತ್ತಿ ನೇತುಬಿದ್ದಂತೆ ಕುಳಿತಿದ್ದರು. ಬಲಗೈ ಬೇರೆಯೇ ರೀತಿ ಮಡಚಿಕೊಂಡಿತ್ತು. ಅವರ ಕೆಳಗೆ ಮಂಜು, ಮಂಜಿನ ಕೆಳಗೆ ಎಲ್ಲೋ ನೀರಿನ ಸದ್ದು. ಓಮ್ನಿಯವರು ಗಾಡಿಯನ್ನು ಹಿಂದಕ್ಕೆ ತಂದಿದ್ದರು. ಹೊಸಂಗಡಿಯ ಚಂದು ಎಂದು ಅವರ ಹೆಸರು. ಗಾಡಿಯ ಹಗ್ಗ ನನ್ನ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿ ಬಂಪರಿಗೆ ಬಿಗಿದರು. ನಾನು ಇಳಿದೆ. ಅತ್ತಿಗೆಯನ್ನು ಹಿಂದಿನಿಂದ ತಬ್ಬಿ ಹಿಡಿದೆ. ಅವರು ಮರ ಬಿಡಲು ಒಪ್ಪಲಿಲ್ಲ.

"ಬಿಡಿ ಅತ್ತಿಗೆ, ನಾನು ಹಿಡ್ಕೊಂಡಿದ್ದೆ."

"ಬಿಟ್ರೆ ಹೋತೆ ನಾ."

"ಹೋಗುದಿಲ್ಲ. ನಾನು ಹಿಡ್ಕೊಂಡಿದ್ದೆ. ಬಿಡಿ."

ಬಿಟ್ಟರು. ಚಂದು ಎಳೆದರು. ಮೇಲೆ ಬಂದು ಇಬ್ಬರೂ ರಸ್ತೆಯ ನೀರಿನಲ್ಲೇ ಕುಳಿತೆವು. ಆಮೇಲೆ ನಾನು ಅವರಿಗೆ ಬೈದೆ. ನನಗಿಂತ ದೊಡ್ಡವರು, ಕೈ ಮುರಿದುಕೊಂಡು ನಡುಗುತ್ತಿದ್ದವರು. ನನ್ನ ಜೊತೆ ಬರಲು ನಿಮಗೆ ಯಾರು ಹೇಳಿದ್ದು ಎಂದೆ. ಇನ್ನೊಬ್ಬರಿಗೆ ಕಾಯುತ್ತ ನಿಲ್ಲಲು ನನ್ನಿಂದ ಆಗುವುದಿಲ್ಲ ಎಂದೆ. ಆಗುವುದಿಲ್ಲ, ಆಗುವುದಿಲ್ಲ ಎಂದು ಎಷ್ಟು ಸಲ ಹೇಳಿದೆನೋ. ಚಂದು ಬೇರೆ ಕಡೆ ತಿರುಗಿ ಹಗ್ಗ ಸುತ್ತುತ್ತಿದ್ದರು.

ಅತ್ತಿಗೆ ನನ್ನನ್ನೇ ನೋಡುತ್ತಿದ್ದರು. ನಾನು ನಿಲ್ಲಿಸಿದ ಮೇಲೆ ಕೇಳಿದರು.

"ಹೆಣ್ಣೆ, ಅವ ಬತ್ತಿಲ್ಲೆ ಅಲ್ದಾ?"

"ಇಲ್ಲ ಅತ್ತಿಗೆ. ಬರುದಿಲ್ಲ."

"ಬೊಂಬಾಯಂಗ್ ಇಲ್ಲೆ."

"ಇಲ್ಲ."

ಅವರು ಎಡಗೈಯಿಂದ ನನ್ನ ತಲೆಯನ್ನು ಎಳೆದು ಭುಜಕ್ಕೆ ಒತ್ತಿಕೊಂಡರು. ಮಳೆ ಸುರಿಯುತ್ತಿತ್ತು. ಎಷ್ಟು ಹೊತ್ತು ಹಾಗೆ ಇದ್ದೆವೋ ಗೊತ್ತಿಲ್ಲ. ಚಂದು ಬಂದು, "ಏಳಿ ಅಕ್ಕ, ಕೈ ಊದ್ತಾ ಇತ್ತ್, ಹೋಪ," ಎಂದಾಗ ಎದ್ದೆವು.

ನನ್ನ ಸೈಕಲ್ ಓಮ್ನಿಯ ಮೇಲೆ ಕಟ್ಟಿ ತಂದೆವು. ನಿತೇಶನ ಸೈಕಲ್ ಕಣಿವೆಗೆ ಹೋಗಿದೆ. ನಾನು ಬಗ್ಗಿ ನೋಡಲಿಲ್ಲ.

ಈಗ ಚಳಿಯಾಗುತ್ತಿದೆ. ಎದುರಿನ ಅಂಗಡಿಯಲ್ಲಿ ಏನಾದರೂ ಬಿಸಿ ಸಿಗುತ್ತದಾ ನೋಡಬೇಕು. ಹೊಟ್ಟೆ ತುಂಬಾ ಹಸಿದಿದೆ.

ಜುಲೈ 18

ನಿನ್ನೆ ಇಡೀ ದಿನ ಮಲಗಿದ್ದೆ. ಮೈಯೆಲ್ಲ ನೋವು. ಎಲ್ಲೆಲ್ಲಿ ಅಂತ ಹೇಳಲು ಬರುತ್ತದೆ, ಭುಜ, ಮೊಣಕಾಲು, ಅಂಗೈ, ಹಗ್ಗ ಬಿಗಿದಿದ್ದ ಸೊಂಟ.

ಇವತ್ತು ಸಂಜೆ ಮಾವ ಜಗಲಿಯಲ್ಲಿ ಕುಳಿತಿದ್ದರು. ಹತ್ತಿರ ಹೋಗಿ ಕುಳಿತೆ. ಬೊಜ್ಜ ಮಾಡುವ ಎಂದೆ. ಕಡಲಿನಲ್ಲಿ ಅಷ್ಟು ವರ್ಷ ತಿರುಗಿದವರು, ಗಟ್ಟಿ ಮನುಷ್ಯ ಎಂದುಕೊಂಡಿದ್ದೆ. ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಅತ್ತೆ ಒಳಗಿನಿಂದ ಬಂದು ಇಬ್ಬರ ನಡುವೆ ಜಾಗ ಮಾಡಿಕೊಂಡು ಕುಳಿತರು. ನಮ್ಮ ಮನೆಯಲ್ಲಿ ಈ ವರ್ಷ ಯಾರೂ ಯಾರ ಪಕ್ಕದಲ್ಲೂ ಹಾಗೆ ಕುಳಿತಿರಲಿಲ್ಲ.

"ಸರಸಂಗೆ ಯಾರ್ ಹೇಳುದ್?" ಎಂದರು ಅತ್ತೆ.

"ಅವ್ರಿಗೆ ಗೊತ್ತಿತ್ತ್," ಎಂದೆ.

ಜುಲೈ 31

ಆಯಿತು.

ಬೆಳಿಗ್ಗೆ ಅತ್ತಿಗೆಗೆ ಸೀರೆ ಉಡಿಸಿದೆ, ಕೂದಲು ಕಟ್ಟಿದೆ. ಒಂದು ಕೈಯಲ್ಲಿ ಅವರಿಗೆ ಏನೂ ಆಗುವುದಿಲ್ಲ. "ಗಟ್ಟಿ ಕಟ್ಟ್, ಹೊರಗೆ ಗಾಳಿ ಇತ್ತ್" ಎಂದರು. ಹೊಳೆ ಕಡಲು ಸೇರುವಲ್ಲಿ ಬೊಂಬೆಯ ಬೂದಿಯನ್ನೆಲ್ಲ ಬಿಟ್ಟು ಬರುವಾಗ ಮಳೆ ಇರಲಿಲ್ಲ. ಮಾವ ಎಡವಿದರು, ಅವರ ಕೈ ಹಿಡಿದುಕೊಂಡು ಬಂದೆ. ಊಟಕ್ಕೆ ಇಡೀ ಕೇರಿ ಬಂದಿತ್ತು. ನಿತೇಶನ ಜೊತೆ ಈಜಿ ಬಂದವರೂ ಬಂದಿದ್ದರು. ಅವರಲ್ಲಿ ಸುಜನ್ ಎನ್ನುವವನು ವರ್ಷವಿಡೀ ನಮ್ಮ ಮನೆಯ ಮುಂದಿನ ದಾರಿ ಬಿಟ್ಟು ಸುತ್ತು ಬಳಸಿ ಹೋಗುತ್ತಿದ್ದ. ಎಲೆಯ ಮುಂದೆ ತಲೆತಗ್ಗಿಸಿ ಕುಳಿತಿದ್ದ. ಪಾಯಸ ಬಡಿಸುವಾಗ ಇನ್ನೊಂದು ಸೌಟು ಹಾಕಿದೆ.

"ಸಾಕ್ ಅಕ್ಕ," ಎಂದ.

"ಉಣ್ಣು," ಎಂದೆ. "ನಾಳೆಯಿಂದ ಬೋಟ್ ಇಳಿತ್ತಲ್ಲ."

ಉಂಡ.

ಆಗಸ್ಟ್ 5, ಮಂಗಳವಾರ

ಶಾಲೆಗೆ ಹೊಸ ವಿಜ್ಞಾನ ಟೀಚರು ಬಂದಿದ್ದಾರೆ, ಶ್ರಾವ್ಯ, ಬೈಂದೂರಿನವರು. ಇಲ್ಲಿಯ ಸುದ್ದಿ ಏನೂ ಗೊತ್ತಿಲ್ಲ. ಇಂಟರ್‌ವಲ್‌ನಲ್ಲಿ ಸ್ಟಾಫ್‌ರೂಮಿನಲ್ಲಿ ನನ್ನ ಪಕ್ಕ ಕುಳಿತರು. ಎಲ್ಲಿಂದ ಬರುವುದು, ಬಸ್ಸಾ, ಸ್ಕೂಟರಾ, ಎಲ್ಲ ಕೇಳಿದರು.

"ಮನೆಯವ್ರು ಎಂತ ಮಾಡ್ತ್ರ್?"

ಅತ್ತಲಿನ ಮೇಜಿನಲ್ಲಿ ಉಳಿದವರ ಮಾತು ನಿಂತಿತು. ಕನ್ನಡ ಪಂಡಿತರು ಚಹಾದ ಲೋಟ ಕೆಳಗಿಡದೆ ಹಾಗೇ ಹಿಡಿದುಕೊಂಡರು.

"ತೀರಿಕೊಂಡ್ರು," ಎಂದೆ. "ಕಳೆದ ವರ್ಷ. ಮೀನುಗಾರಿಕೆ ಮಾಡ್ತಿದ್ರು. ಬೋಟ್ ಮಗುಚಿತು."

ಶ್ರಾವ್ಯ ಗಾಬರಿಯಾದರು. ಕ್ಷಮಿಸಿ, ಗೊತ್ತಿರ್ಲಿಲ್ಲ ಎಂದರು. ಪರವಾಗಿಲ್ಲ ಎಂದೆ. ಹೇಗೆ ಕೇಳುವುದೆಂದು ತಿಳಿಯದವರ ಹಾಗೆ ಕೇಳಿದರು.

"ಹ್ಯಾಂಗಿದ್ರು ಅವ್ರು?"

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಆಗ ಎಲ್ಲರೂ ಕೇಳಿದ್ದು ಹೇಗಾಯಿತು ಎಂದು.

ಅಲೆಗೆ ಹೆದರದ ಮನುಷ್ಯ, ಸೈಕಲ್ಲಿನಲ್ಲಿ ಇಳಿಜಾರು ಬಂದರೆ ಎರಡೂ ಬ್ರೇಕು ಹಿಡಿದು ದೇವರ ಹೆಸರು ಹೇಳುತ್ತ ಇಳಿಯುತ್ತಿದ್ದರು ಎಂದೆ. ಆಗುಂಬೆಯಲ್ಲಿ ಹಾಗೆ ಇಳಿಯುವಾಗ ಒಂದು ಮಂಗ ಅವರನ್ನು ದಾಟಿ ಮುಂದೆ ಹೋಯಿತು ಎಂದೆ. ಮನೆಯಲ್ಲಿ ಮೀನು ಮಾಡಿದರೆ ಮುಳ್ಳು ಬಿಡಿಸಿ ನನ್ನ ತಟ್ಟೆಗೆ ಹಾಕುತ್ತಿದ್ದರು, ನಾನು ಬಸ್ರೂರಿನ ಹೊಲದ ಕಡೆಯವಳು, ನನಗೆ ಮುಳ್ಳು ತೆಗೆಯಲು ಬರುವುದಿಲ್ಲ ಎಂದು ಅವರ ನಂಬಿಕೆ ಎಂದೆ. ನನಗೆ ಬರುತ್ತಿತ್ತು, ಹೇಳಿರಲಿಲ್ಲ ಎಂದೆ. ಶ್ರಾವ್ಯ ನಕ್ಕರು. ಕನ್ನಡ ಪಂಡಿತರೂ ನಕ್ಕರು.

ಬೆಲ್ ಹೊಡೆಯಿತು. ಶ್ರಾವ್ಯ ಕ್ಲಾಸಿಗೆಂದು ಪುಸ್ತಕ ಹಿಡಿದು ಎದ್ದವರು, ನನ್ನ ಮುಖ ನೋಡಿ ಮತ್ತೆ ಕುಳಿತರು. ನಾನಿನ್ನೂ ಮುಗಿಸಿರಲಿಲ್ಲ.